ಗುರು ಹೋದ ಮೇಲೆ ಉಳಿಯುವುದೇನು?

ಒಬ್ಬ ವ್ಯಕ್ತಿಯ ದುಡಿಮೆಯನ್ನು ಅಳೆಯಲು ಎರಡು ಅಳತೆಗೋಲುಗಳಿವೆ. ಅವನಿದ್ದಾಗ ಏನಾಯಿತು ಎಂಬುದು ಒಂದು. ಅವನು ಹೋದ ಮೇಲೆ ಏನು ಉಳಿಯಿತು ಎಂಬುದು ಮತ್ತೊಂದು. ಮೊದಲನೆಯದನ್ನು ಪತ್ರಿಕೆಗಳು ಮರುದಿನವೇ ಅಳೆದು ಮುಗಿಸುತ್ತವೆ. ಎರಡನೆಯದನ್ನು ಅಳೆಯಲು ಒಂದು ತಲೆಮಾರಾದರೂ ಕಾಯಬೇಕಾಗುತ್ತದೆ. ಆದ್ದರಿಂದಲೇ ಅದನ್ನು ಅಳೆಯುವವರು ವಿರಳ.

ಈ ವಿಚಾರವನ್ನು ಇಂದು ಫುಟ್ಬಾಲ್ ಮೈದಾನದ ಮೂಲಕ ಚಿಂತಿಸೋಣ. ಹಿರೀಸಾವೆ, ಚನ್ನರಾಯಪಟ್ಟಣದ ಕಡೆ ಮಕ್ಕಳಿಗೆ ಕ್ರಿಕೆಟ್, ಕಬಡ್ಡಿ, ವಾಲಿಬಾಲ್‌ಗಳಷ್ಟು ಫುಟ್ಬಾಲ್ ಪರಿಚಿತವಲ್ಲದಿರಬಹುದು. ಆದರೆ ಈ ಆಟದಲ್ಲಿ ನಮ್ಮ ದೇಶಕ್ಕೆ ಒದಗಿದ ಗತಿಯು ಮಕ್ಕಳನ್ನು ಬೆಳೆಸುವ ಪ್ರತಿಯೊಬ್ಬ ತಂದೆತಾಯಿಗೂ, ಶಾಲೆ ನಡೆಸುವ ಪ್ರತಿಯೊಂದು ಸಂಸ್ಥೆಗೂ ಪಾಠವಾಗಬಲ್ಲದು.

2025ರ ಅಕ್ಟೋಬರ್‌ನಲ್ಲಿ ಗೋವಾದಲ್ಲಿ ನಡೆದ ಪಂದ್ಯದಲ್ಲಿ ಭಾರತವು ಸಿಂಗಪುರದ ಎದುರು 1–2ರಿಂದ ಸೋತು, 2027ರ ಏಷ್ಯಾ ಕಪ್‌ಗೆ ಅರ್ಹತೆ ಪಡೆಯುವ ಅವಕಾಶವನ್ನು ಕಳೆದುಕೊಂಡಿತು. ಆ ಅರ್ಹತಾ ಸುತ್ತಿನಲ್ಲಿ ಭಾರತ ತಂಡವನ್ನು ಒಬ್ಬರಲ್ಲ, ಇಬ್ಬರು ತರಬೇತುದಾರರು ನಡೆಸಿದ್ದರು. ಆರಂಭದಲ್ಲಿ ಸ್ಪೇನಿನ ಮನೋಲೊ ಮಾರ್ಕ್ವೆಜ್, ಬಳಿಕ ನಮ್ಮವರೇ ಆದ ಖಾಲಿದ್ ಜಮೀಲ್. ಗುರು ಬದಲಾದರೂ ಗತಿ ಬದಲಾಗಲಿಲ್ಲ. ಸೋತಾಗಲೆಲ್ಲ ತರಬೇತುದಾರನನ್ನು ಬದಲಿಸಿರಿ ಎಂಬ ಕೂಗು ಏಳುವುದು ನಮಗೆ ಹೊಸದೇನಲ್ಲ. ಹಾಗಾದರೆ ಹಿಂದಿನ ಗುರುಗಳು ನಿಜವಾಗಿ ನಮಗೆ ಬಿಟ್ಟುಹೋದದ್ದೇನು? ಅದನ್ನು ನಾವು ಏನು ಮಾಡಿದೆವು?

ಮನೆ ಮತ್ತು ಬೆಳಕು

ಗುರುಮಠದಲ್ಲಿ ತತ್ವಶಾಸ್ತ್ರ ಓದುವವರಿಗೆಲ್ಲ ಪರಿಚಿತವಾದ ಒಂದು ವಿವೇಚನೆಯಿದೆ. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಕಾರಣಗಳಲ್ಲಿ ಎರಡು ಬಗೆಯನ್ನು ಗುರುತಿಸುತ್ತಾರೆ. ಮನೆ ಕಟ್ಟಿದ ಮೇಸ್ತ್ರಿ ತನ್ನ ಕೆಲಸ ಮುಗಿಸಿ ಹೊರಟುಹೋದರೂ ಮನೆ ನಿಲ್ಲುತ್ತದೆ. ಆದರೆ ಸೂರ್ಯ ಮುಳುಗಿದೊಡನೆ ಗಾಳಿಯಲ್ಲಿದ್ದ ಬೆಳಕು ಇಲ್ಲವಾಗುತ್ತದೆ. ಮೊದಲನೆಯದು ಒಂದು ವಸ್ತು ಉಂಟಾಗುವುದಕ್ಕೆ ಕಾರಣ. ಎರಡನೆಯದು ಅದು ಇರುವುದಕ್ಕೇ ಕಾರಣ. ಅಕ್ವಿನಾಸರು ಇದನ್ನು ಹೇಳಿದ್ದು ಸೃಷ್ಟಿಕರ್ತನಿಗೂ ಸೃಷ್ಟಿಗೂ ಇರುವ ಸಂಬಂಧವನ್ನು ವಿವರಿಸಲು. ಮನುಷ್ಯರ ಕೆಲಸಗಳನ್ನು ಪರಿಶೀಲಿಸುವಾಗಲೂ ಈ ಭೇದ ನಮಗೆ ನೆರವಾಗುತ್ತದೆ. ನಮ್ಮ ಮಗ್ಗುಲಲ್ಲೇ ಇರುವ ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ನೋಡಿರಿ. ಮಾಡಿಸಿದ ಚಾವುಂಡರಾಯನೂ ಕಡೆದ ಶಿಲ್ಪಿಗಳೂ ಸಾವಿರ ವರ್ಷಗಳ ಹಿಂದೆಯೇ ಮರೆಯಾದರು, ಮೂರ್ತಿ ನಿಂತಿದೆ.

ಫುಟ್ಬಾಲ್ ತಂಡದ ಗುರು ಇವುಗಳಲ್ಲಿ ಯಾವ ಬಗೆಯವನು? ಮನೆ ಕಟ್ಟುವ ಮೇಸ್ತ್ರಿಯೋ, ಇದ್ದಷ್ಟು ಹೊತ್ತು ಬೆಳಗುವ ದೀಪವೋ?

ಉಪಾಧ್ಯಾಯ ರಹೀಂ

ಭಾರತದ ಫುಟ್ಬಾಲ್ ಗುರುಗಳ ಸಾಲಿನಲ್ಲಿ ಮೊದಲು ಹೇಳಬೇಕಾದ ಹೆಸರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರದು. 1909ರಲ್ಲಿ ಜನಿಸಿದ ಅವರು ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು. ವೃತ್ತಿಯಿಂದ ಶಾಲಾ ಉಪಾಧ್ಯಾಯರು. 1943ರಲ್ಲಿ ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿ, ಜೀವದ ಕೊನೆಯವರೆಗೂ ಆ ಹೊಣೆಯನ್ನು ಹೊತ್ತರು. ಅವರ ಕೈಯಲ್ಲಿ ಪಳಗಿದ ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ರೋವರ್ಸ್ ಕಪ್ ಗೆದ್ದಿತು.

ರಾಷ್ಟ್ರೀಯ ತಂಡದ ಗುರುವಾಗಿ ಅವರು ಸಾಧಿಸಿದ್ದು ಇಂದು ನಂಬಲು ಕಷ್ಟವಾಗುವಂಥದು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಇರಾನನ್ನು 1–0ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯದ ಎದುರು 1–10ರ ಭಾರೀ ಸೋಲು ಬಂತು. ನಮ್ಮವರಲ್ಲಿ ಬಹುತೇಕರು ಬರಿಗಾಲಿನಲ್ಲಿ ಆಡಿದ್ದರು. ಆ ಸೋಲಿನಿಂದ ಪಾಠ ಕಲಿತ ಭಾರತ ಬೂಟು ತೊಟ್ಟಿತು. ನಾಲ್ಕೇ ವರ್ಷಗಳಲ್ಲಿ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, ಅತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಮಣಿಸಿ ಸೆಮಿಫೈನಲ್ ತಲುಪಿ ನಾಲ್ಕನೆಯ ಸ್ಥಾನ ಪಡೆಯಿತು. ನೆವಿಲ್ ಡಿಸೋಜ ಅಂದು ಮೂರು ಗೋಲು ಹೊಡೆದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಪ್ರಬಲ ಫ್ರಾನ್ಸ್ ತಂಡವನ್ನು 1–1ರಲ್ಲಿ ತಡೆಹಿಡಿಯಿತು.

ಈ ಕೀರ್ತಿಯಲ್ಲಿ ನಮ್ಮ ನಾಡಿನ ಪಾಲೂ ಸಣ್ಣದಲ್ಲ. ರಹೀಂ ಅವರಿಗಿಂತ ಮೊದಲು, 1948ರ ಲಂಡನ್ ಒಲಿಂಪಿಕ್ಸ್‌ಗೆ ಬಲಾಯಿದಾಸ್ ಚಟರ್ಜಿ ಅವರು ಕೊಂಡೊಯ್ದ ತಂಡದಲ್ಲೇ ಬೆಂಗಳೂರಿನ ಅಹಮದ್ ಖಾನ್ ಇದ್ದರು. 1951ರ ಚಿನ್ನದ ತಂಡದಲ್ಲಿಯೂ ಅವರಿದ್ದರು. ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಎದುರು ಬಂದ ಏಕೈಕ ಭಾರತೀಯ ಗೋಲು ಅವರ ಕಾಲಿನಿಂದಲೇ. 1956ರ ಹಾಗೂ 1960ರ ಒಲಿಂಪಿಕ್ಸ್ ತಂಡಗಳಲ್ಲಿ ಮೈಸೂರು ರಾಜ್ಯದ ಕೆಂಪಯ್ಯ ಅವರಿದ್ದರು. ಅಂದಿನ ಮೈಸೂರು ರಾಜ್ಯವು 1946–47, 1952–53, 1967–68 ಮತ್ತು 1968–69ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡ ಫುಟ್ಬಾಲ್ ನಾಡು ಎಂಬುದನ್ನು ನಮ್ಮ ಯುವಜನರು ಮರೆಯಬಾರದು.

ರಹೀಂ ಅವರ ಬಾಳಿನ ಶಿಖರ 1962ರ ಸೆಪ್ಟೆಂಬರ್ 4ರಂದು ಜಕಾರ್ತಾದಲ್ಲಿ ಬಂತು. ಏಷ್ಯನ್ ಕ್ರೀಡಾಕೂಟದ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಕ್ಕೆ 0–2ರಿಂದ ಸೋತಿದ್ದ ಭಾರತವು, ಥಾಯ್ಲೆಂಡ್, ಜಪಾನ್, ದಕ್ಷಿಣ ವಿಯೆಟ್ನಾಂ ತಂಡಗಳನ್ನು ದಾಟಿ ಅಂತಿಮ ಪಂದ್ಯದಲ್ಲಿ ಅದೇ ಕೊರಿಯಾವನ್ನು ಎದುರಿಸಿತು. ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕೂಟದಿಂದ ಹೊರಗಿಟ್ಟದ್ದನ್ನು ಭಾರತೀಯ ಕ್ರೀಡಾಧಿಕಾರಿಯೊಬ್ಬರು ಪ್ರಶ್ನಿಸಿದ್ದ ಕಾರಣ ಇಂಡೊನೇಷ್ಯಾದ ಜನ ಭಾರತದ ಮೇಲೆ ಕೆರಳಿದ್ದರು. ಮೈದಾನದಲ್ಲಿ ಕಿಕ್ಕಿರಿದಿದ್ದ ಜನಸಾಗರ ನಮ್ಮವರನ್ನು ಧಿಕ್ಕರಿಸುತ್ತಿತ್ತು. ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದರು. ರಹೀಂ ಅವರನ್ನು ಕೂರಿಸದೆ, ಹಿಂದಿನಿಂದ ಮುಂದಕ್ಕೆ ತಂದು ದಾಳಿಗೆ ನಿಲ್ಲಿಸಿದರು. ಪಿ.ಕೆ. ಬ್ಯಾನರ್ಜಿ ಒಂದು ಗೋಲು, ಜರ್ನೈಲ್ ಇನ್ನೊಂದು ಗೋಲು ಹೊಡೆದು ಭಾರತ 2–1ರಿಂದ ಚಿನ್ನ ಗೆದ್ದಿತು. ಗುರುವಿನ ಶ್ವಾಸಕೋಶವನ್ನು ಆಗಲೇ ಕ್ಯಾನ್ಸರ್ ತಿನ್ನುತ್ತಿತ್ತು. ಒಂಬತ್ತು ತಿಂಗಳ ಬಳಿಕ, 1963ರ ಜೂನ್ 11ರಂದು, ಐವತ್ತಮೂರನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ದೀಪ ಆರಿದ ಮೇಲೆ

ಮುಂದಿನದು ನೋವಿನ ಕಥೆ. 1964ರಲ್ಲಿ ಇಂಗ್ಲೆಂಡಿನ ಹ್ಯಾರಿ ರೈಟ್ ಅವರ ಕೈಕೆಳಗೆ ಭಾರತ ಏಷ್ಯಾ ಕಪ್‌ನಲ್ಲಿ ಎರಡನೆಯ ಸ್ಥಾನ ಪಡೆಯಿತು. ಆ ತಂಡ ಬಹುಮಟ್ಟಿಗೆ ರಹೀಂ ಅವರು ತಿದ್ದಿದ ತಲೆಮಾರಿನದೇ. 1970ರಲ್ಲಿ ಬ್ಯಾಂಕಾಕ್‌ನಲ್ಲಿ ಕಂಚಿನ ಪದಕ ಬಂತು. ಅಲ್ಲಿಗೆ ಮುಗಿಯಿತು. ಒಲಿಂಪಿಕ್ಸ್ ಫುಟ್ಬಾಲ್‌ನಲ್ಲಿ ಭಾರತ ಕೊನೆಯ ಬಾರಿ ಆಡಿದ್ದು 1960ರಲ್ಲಿ. ಏಷ್ಯನ್ ಕ್ರೀಡಾಕೂಟದ ಫುಟ್ಬಾಲ್ ಚಿನ್ನ ಮತ್ತೆ ನಮ್ಮ ಕೈಗೆ ಬರಲಿಲ್ಲ.

ಇದನ್ನು ಕಂಡು ಅನೇಕರು, "ನೋಡಿ, ರಹೀಂ ಎಷ್ಟು ದೊಡ್ಡವರು! ಅವರು ಹೋದೊಡನೆ ಎಲ್ಲವೂ ಹೋಯಿತು" ಎಂದು ಹೊಗಳುತ್ತಾರೆ. ಈ ಹೊಗಳಿಕೆಯಲ್ಲಿ ಒಂದು ದೋಷ ಅಡಗಿದೆ. ಗುರು ಹೋದೊಡನೆ ಎಲ್ಲವೂ ಹೋಗುವುದಾದರೆ, ಅವರು ಬರಿಯ ದೀಪವಾಗಿದ್ದರು ಎಂದಂತಾಯಿತು. ರಹೀಂ ಅವರು ಬರಿಯ ದೀಪವಾಗಿರಲಿಲ್ಲ. ಹೈದರಾಬಾದಿನ ಹುಡುಗರಿಗಾಗಿ ಅವರು ವಿಚಿತ್ರವಾದ ಪಂದ್ಯಾವಳಿಗಳನ್ನು ಏರ್ಪಡಿಸುತ್ತಿದ್ದರು. ಒಂದರಲ್ಲಿ ಬಲಗಾಲು ರೂಢಿಯಿರುವವನು ಎಡಗಾಲಿನಿಂದ ಮಾತ್ರ ಒದೆಯಬೇಕು. ಇನ್ನೊಂದರಲ್ಲಿ ಚೆಂಡನ್ನು ತಾನೇ ಹೊಡೆದುಕೊಂಡು ಓಡುವಂತಿಲ್ಲ, ಜೊತೆಗಾರನಿಗೆ ದಾಟಿಸಲೇಬೇಕು. ದುರ್ಬಲ ಕಾಲು ಬಲಗೊಳ್ಳುವುದು, ಒಬ್ಬನ ಚಾಳಿ ಹೋಗಿ ಹನ್ನೊಂದು ಮಂದಿಯ ಆಟ ಮೂಡುವುದು, ಇವೆರಡೂ ಬಾಲ್ಯದಲ್ಲೇ ಆಗಬೇಕೆಂದು ಆ ಉಪಾಧ್ಯಾಯರಿಗೆ ಗೊತ್ತಿತ್ತು. ಇದು ಕೆಲವು ವಾರಗಳ ಶಿಬಿರದಲ್ಲಿ ಆಗುವ ಕೆಲಸವಲ್ಲ. ಅಡಿಪಾಯ ಹಾಕುವ ಮೇಸ್ತ್ರಿಯ ಕೆಲಸ.

ಅವರ ಶಿಷ್ಯ ಪಿ.ಕೆ. ಬ್ಯಾನರ್ಜಿ ಮುಂದೆ ತಾವೇ ರಾಷ್ಟ್ರೀಯ ತಂಡದ ಗುರುವಾದರು. ಜೆಮ್‌ಷೆಡ್‌ಪುರದ ಟಾಟಾ ಫುಟ್ಬಾಲ್ ಅಕಾಡೆಮಿಯಲ್ಲಿ ಕಿರಿಯರನ್ನು ತಯಾರು ಮಾಡಿದರು. ರಹೀಂ ಅವರ ಪುತ್ರ ಸೈಯದ್ ಶಾಹಿದ್ ಹಕೀಂ 1960ರ ಒಲಿಂಪಿಕ್ಸ್ ತಂಡದಲ್ಲಿದ್ದವರು. ಅಂತಾರಾಷ್ಟ್ರೀಯ ರೆಫರಿಯಾಗಿ, ತರಬೇತುದಾರರಾಗಿ ದುಡಿದು 2021ರಲ್ಲಿ ನಮ್ಮ ಕಲಬುರಗಿಯಲ್ಲಿ ಕಣ್ಮುಚ್ಚಿದರು. ಬೀಜ ಉಳಿದಿತ್ತು. ಆದರೂ ಬೆಳೆ ಏಕೆ ಬರಲಿಲ್ಲ?

ಪರದೇಶದ ಗುರುಗಳು

ಉತ್ತರ ಹುಡುಕಲು ನಂತರದ ಗುರುಗಳ ಕಡೆ ನೋಡಬೇಕು. ಯುಗೊಸ್ಲಾವಿಯದ ಚಿರಿಚ್ ಮಿಲೋವನ್ ಅವರು 1984ರಲ್ಲಿ ಭಾರತವನ್ನು ಏಷ್ಯಾ ಕಪ್‌ಗೆ ಕೊಂಡೊಯ್ದರು. ಅಲ್ಲಿ ಇರಾನಿನೊಡನೆ ಒಂದು ಪಂದ್ಯ ಸಮ ಮಾಡಿಕೊಂಡದ್ದು ಬಿಟ್ಟರೆ ಗೋಲೂ ಇಲ್ಲ, ಗೆಲುವೂ ಇಲ್ಲ. ಆದರೂ ಅವರ ಆಟದ ಸೊಗಸನ್ನು ಕಂಡವರು ಇಂದಿಗೂ ನೆನೆಯುತ್ತಾರೆ.

ಇಂಗ್ಲೆಂಡಿನ ಬಾಬ್ ಹೌಟನ್ ಅವರು 2006ರಲ್ಲಿ ಬಂದರು. ಸ್ವೀಡನ್ನಿನ ಮಾಲ್ಮೋ ತಂಡವನ್ನು 1979ರಲ್ಲಿ ಯುರೋಪಿಯನ್ ಕಪ್ ಅಂತಿಮ ಪಂದ್ಯದವರೆಗೆ ತಲುಪಿಸಿದ್ದ ಅನುಭವಿ ಅವರು. 2007 ಮತ್ತು 2009ರಲ್ಲಿ ನೆಹರೂ ಕಪ್, 2008ರಲ್ಲಿ ಎಎಫ್‌ಸಿ ಚಾಲೆಂಜ್ ಕಪ್ ಗೆಲ್ಲಿಸಿ, ಇಪ್ಪತ್ತೇಳು ವರ್ಷಗಳ ಬಳಿಕ 2011ರ ಏಷ್ಯಾ ಕಪ್‌ಗೆ ಭಾರತವನ್ನು ಸೇರಿಸಿದರು. ಅಲ್ಲಿ ಮೂರು ಗೋಲು ಬಂದವು, ಮೂರು ಪಂದ್ಯಗಳನ್ನೂ ಸೋತೆವು. ಸ್ಟೀಫನ್ ಕಾನ್‌ಸ್ಟಂಟೈನ್ ಎರಡು ಅವಧಿಗೆ ಗುರುವಾದವರು. 2015ರಲ್ಲಿ ಅವರು ಎರಡನೆಯ ಬಾರಿ ಬಂದ ಹೊಸದರಲ್ಲಿ ವಿಶ್ವ ಶ್ರೇಯಾಂಕದಲ್ಲಿ 173ರಲ್ಲಿದ್ದ ಭಾರತ, 2017ರ ಜುಲೈಯಲ್ಲಿ 96ಕ್ಕೆ ಏರಿತು. ಅದೇ ವರ್ಷದ ಅಕ್ಟೋಬರ್ 11ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಮಕಾವ್ ತಂಡವನ್ನು 4–1ರಿಂದ ಸೋಲಿಸಿ 2019ರ ಏಷ್ಯಾ ಕಪ್‌ಗೆ ಅರ್ಹತೆ ಗಳಿಸಿತು. ಅಲ್ಲಿ ಥಾಯ್ಲೆಂಡ್ ಎದುರು 4–1ರ ಗೆಲುವು ಬಂತು. ಮುಂದಿನ ಎರಡು ಸೋಲುಗಳಿಂದ ಹೊರಬಿದ್ದ ರಾತ್ರಿಯೇ ಅವರು ರಾಜೀನಾಮೆ ಇತ್ತರು.

ಕ್ರೊಯೇಷಿಯಾದ ಇಗೊರ್ ಸ್ಟಿಮಾಚ್ 2019ರಿಂದ 2024ರವರೆಗೆ ಇದ್ದರು. 2023ರ ಜುಲೈ 4ರಂದು ಅದೇ ಕಂಠೀರವ ಕ್ರೀಡಾಂಗಣದಲ್ಲಿ ಕುವೈತನ್ನು ಪೆನಾಲ್ಟಿಗಳಲ್ಲಿ ಮಣಿಸಿ ದಕ್ಷಿಣ ಏಷ್ಯಾ ಪ್ರಶಸ್ತಿ ಗೆದ್ದಾಗ ಬೆಂಗಳೂರು ಹಬ್ಬ ಆಚರಿಸಿತು. ಆರು ತಿಂಗಳ ಬಳಿಕ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಮೂರು ಪಂದ್ಯ, ಮೂರು ಸೋಲು. ಒಂದು ಗೋಲೂ ಇಲ್ಲ.

ಇವರನ್ನು ಒಬ್ಬರೊಡನೊಬ್ಬರು ಹೋಲಿಸಿ, ಯಾರು ದೊಡ್ಡವರು ಎಂದು ವಾದಿಸುವುದು ಸುಲಭ. ಹೌಟನ್ ಮೂರು ಟ್ರೋಫಿಗಳನ್ನು ಗೆಲ್ಲಿಸಿಕೊಟ್ಟರು. ಶ್ರೇಯಾಂಕದ ಏರಿಕೆಯಲ್ಲಿ ಕಾನ್‌ಸ್ಟಂಟೈನ್ ಮುಂದೆ. ಏಷ್ಯಾ ಕಪ್‌ನಲ್ಲಿ ಒಂದು ಗೆಲುವನ್ನಾದರೂ ತಂದ ಹೆಮ್ಮೆಯೂ ಅವರದೇ. ಆದರೆ ಎಲ್ಲರ ಕಥೆಯೂ ಒಂದೇ ತೆರನಾಗಿ ಮುಗಿಯುವುದನ್ನು ಗಮನಿಸಿರಿ. ಒಂದಿಷ್ಟು ಏರು, ಏಷ್ಯಾದ ಹೊಸ್ತಿಲವರೆಗಿನ ಪಯಣ, ಬಳಿಕ ಮತ್ತೆ ಇಳಿತ. ಬೇರೆ ಬೇರೆ ದೇಶಗಳಿಂದ, ಬೇರೆ ಬೇರೆ ಸ್ವಭಾವದಿಂದ ಬಂದವರಿಗೆಲ್ಲ ಒಂದೇ ಗತಿಯಾದರೆ, ಕಾರಣವನ್ನು ಅವರಲ್ಲಿ ಹುಡುಕುವುದು ತರ್ಕಕ್ಕೆ ಒಗ್ಗುವುದಿಲ್ಲ. ರಾಷ್ಟ್ರೀಯ ತಂಡದ ಗುರುವಿನ ಕೈಗೆ ಆಟಗಾರ ಸಿಗುವುದು ವರ್ಷಕ್ಕೆ ಕೆಲವೇ ವಾರ. ಅದೂ ಇಪ್ಪತ್ತು ವಯಸ್ಸು ದಾಟಿದ ಮೇಲೆ. ಅಷ್ಟರಲ್ಲಿ ಅವನು ದೀಪ ಹಚ್ಚಬಲ್ಲನೇ ಹೊರತು ಮನೆ ಕಟ್ಟಲಾರ.

ಜಪಾನಿನ ಪಾಠ

ಇಲ್ಲಿ ಇನ್ನೊಬ್ಬ ಗುರುವಿನ ಹೋಲಿಕೆ ನಮ್ಮ ಕಣ್ಣು ತೆರೆಸುತ್ತದೆ. ಜಕಾರ್ತಾದಲ್ಲಿ ಭಾರತಕ್ಕೆ 0–2ರಿಂದ ಸೋತ ಜಪಾನ್, ಅದಕ್ಕೆ ಎರಡು ವರ್ಷ ಮೊದಲೇ ಜರ್ಮನಿಯ ಡೆಟ್ಮಾರ್ ಕ್ರಾಮರ್ ಅವರನ್ನು ಕರೆಸಿಕೊಂಡಿತ್ತು. ಅವರು ಇದ್ದದ್ದು ಕೆಲವೇ ವರ್ಷ. ಹೋಗುವ ಮುನ್ನ, ದೇಶವ್ಯಾಪಿ ಲೀಗ್ ಆರಂಭಿಸಿರಿ, ತರಬೇತುದಾರರಿಗೇ ಮೊದಲು ತರಬೇತಿ ಕೊಡಿರಿ ಎಂಬ ಸಲಹೆಗಳನ್ನು ಕೊಟ್ಟುಹೋದರು. ಜಪಾನ್ ಕೇಳಿತು. 1965ರಲ್ಲಿ ಲೀಗ್ ಆರಂಭವಾಯಿತು. 1968ರ ಒಲಿಂಪಿಕ್ಸ್‌ನಲ್ಲಿ ಕಂಚು ಬಂತು. ಬಳಿಕ ದೀರ್ಘ ಕಾಲ ಸೋಲುಗಳೇ ಬಂದರೂ ಕೆಲಸ ನಿಲ್ಲಲಿಲ್ಲ. 1993ರಲ್ಲಿ ಪೂರ್ಣ ವೃತ್ತಿಪರ ಲೀಗ್ ಮೊದಲಾಯಿತು. 1998ರಿಂದ ಜಪಾನ್ ಇಲ್ಲದ ವಿಶ್ವ ಕಪ್ ನಡೆದಿಲ್ಲ. ನಮ್ಮಲ್ಲಿ ರಾಷ್ಟ್ರೀಯ ಲೀಗ್ ಆರಂಭವಾದದ್ದು 1996ರಲ್ಲಿ, ಜಪಾನಿಗಿಂತ ಮೂವತ್ತೊಂದು ವರ್ಷ ತಡವಾಗಿ. ನಮ್ಮ ಪಿ.ಕೆ. ಬ್ಯಾನರ್ಜಿಯವರೇ 1969ರಲ್ಲಿ ಜಪಾನಿಗೆ ಹೋಗಿ ಅದೇ ಕ್ರಾಮರ್ ಅವರ ಬಳಿ ತರಬೇತಿ ಪಡೆದು ಬಂದಿದ್ದರು ಎಂಬುದನ್ನು ನೆನೆದರೆ, ದಾರಿ ತಿಳಿಯದೆ ನಾವು ಹಿಂದುಳಿದೆವು ಎಂದು ಹೇಳುವಂತಿಲ್ಲ.

ರಹೀಂ ಮತ್ತು ಕ್ರಾಮರ್ ಇಬ್ಬರೂ ಸಮಕಾಲೀನರು. ಇಬ್ಬರೂ ಶಿಕ್ಷಕ ಸ್ವಭಾವದವರು. ಮೈದಾನದಲ್ಲಿ ಗೆದ್ದವರು ರಹೀಂ. ಆದರೆ ಇಂದು ಯಾರ ಪರಂಪರೆ ಬದುಕಿದೆ? ವ್ಯತ್ಯಾಸ ಗುರುಗಳಲ್ಲಿರಲಿಲ್ಲ, ಅವರ ಹಿಂದೆ ಉಳಿದವರಲ್ಲಿತ್ತು.

ಹೂಳು ತೆಗೆಯುವವರು ಯಾರು?

ಆದ್ದರಿಂದ ಮನೆ ಮತ್ತು ಬೆಳಕು ಎಂಬ ಎರಡು ಉಪಮೆಗಳಿಗೆ ನಮ್ಮ ನೆಲದ ಮೂರನೆಯದೊಂದನ್ನು ಸೇರಿಸಬೇಕೆನಿಸುತ್ತದೆ. ಅದು ಕೆರೆ. ಚನ್ನರಾಯಪಟ್ಟಣ ತಾಲ್ಲೂಕಿನ ರೈತರಿಗೆ ಕೆರೆಯ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಕಟ್ಟಿಸಿದವನು ಸತ್ತು ಶತಮಾನಗಳಾದರೂ ಏರಿ ನಿಲ್ಲುತ್ತದೆ. ಈ ಮಟ್ಟಿಗೆ ಅದು ಮನೆಯಂತೆ. ಆದರೆ ಊರಿನವರು ಕೂಡಿ ಹೂಳು ತೆಗೆಯದಿದ್ದರೆ, ತೂಬು ದುರಸ್ತಿ ಮಾಡದಿದ್ದರೆ, ನೀರು ಬರುವ ಕಾಲುವೆಗಳನ್ನು ಒತ್ತುವರಿ ಮಾಡಿಕೊಂಡರೆ, ಏರಿ ಇದ್ದೂ ಕೆರೆ ಸಾಯುತ್ತದೆ. ಆಗ ಮಳೆ ಬರಲಿಲ್ಲ ಎಂದು ಆಕಾಶವನ್ನು ದೂರುವುದು, ಕಟ್ಟಿಸಿದವನು ಪುಣ್ಯಾತ್ಮ ಎಂದು ಹೊಗಳುವುದು, ಎರಡೂ ನಮ್ಮ ಸೋಮಾರಿತನವನ್ನು ಮುಚ್ಚಿಕೊಳ್ಳುವ ಉಪಾಯಗಳೇ. ರಹೀಂ ಅವರದು ಕೆರೆಯಂಥ ಕೆಲಸ. ದೇಶ ಅವರನ್ನು ಹೊಗಳಿತು. 2024ರಲ್ಲಿ 'ಮೈದಾನ್' ಎಂಬ ಹಿಂದಿ ಚಿತ್ರವೂ ಬಂತು. ಹೂಳು ಮಾತ್ರ ಹಾಗೆಯೇ ತುಂಬಿಕೊಂಡಿತು.

ಹೂಳು ತೆಗೆದಲ್ಲಿ ನೀರು ನಿಲ್ಲುತ್ತದೆ ಎಂಬುದಕ್ಕೂ ನಮ್ಮಲ್ಲಿ ಸಾಕ್ಷಿಯಿದೆ. ಐವತ್ತನಾಲ್ಕು ವರ್ಷಗಳ ಬರಗಾಲದ ಬಳಿಕ, 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕವು ಮತ್ತೆ ಸಂತೋಷ್ ಟ್ರೋಫಿಯನ್ನು ತನ್ನದಾಗಿಸಿಕೊಂಡಿತು. ಅಂಥ ತಂಡವು ಒಬ್ಬ ಮಹಾಗುರುವಿನ ಪವಾಡದಿಂದ ಮೂಡುವುದಿಲ್ಲ. ಸಣ್ಣ ಮೈದಾನಗಳಲ್ಲಿ ಹೆಸರು ಬಾರದ ಅನೇಕರು ಮಕ್ಕಳನ್ನು ಸಂಜೆಯಿಂದ ಸಂಜೆಗೆ ಆಡಿಸುತ್ತ ಬಂದರೆ ಮಾತ್ರ ಮೂಡುತ್ತದೆ.

ಪ್ರಿಯ ಓದುಗರೇ, ಈ ಪ್ರಶ್ನೆ ದೆಹಲಿಯ ಫುಟ್ಬಾಲ್ ಅಧಿಕಾರಿಗಳದಷ್ಟೇ ಅಲ್ಲ. ನಮ್ಮ ಕ್ರೈಸ್ತ ಸಮುದಾಯವು ಶಾಲೆಗಳನ್ನು ನಡೆಸುವ ಸಮುದಾಯ. ಹಿಂದಿನವರು ಕಟ್ಟಡದ ಜೊತೆಗೆ ಒಂದು ವಿಶಾಲವಾದ ಆಟದ ಬಯಲನ್ನೂ ಬಿಡುತ್ತಿದ್ದರು. ಇಂದು ಮಕ್ಕಳ ಸಂಖ್ಯೆ ಹೆಚ್ಚಿದಂತೆ ಆ ಬಯಲಿನ ಮೂಲೆಯಲ್ಲಿ ಮೊದಲು ಒಂದು ಕೊಠಡಿ ಏಳುತ್ತದೆ, ಆಮೇಲೆ ವಾಹನ ನಿಲುಗಡೆಗೆ ಒಂದು ಭಾಗ ಹೋಗುತ್ತದೆ. ಪರೀಕ್ಷೆ ಹತ್ತಿರ ಬಂತೆಂದು ದೈಹಿಕ ಶಿಕ್ಷಣದ ಅವಧಿಯನ್ನು ಗಣಿತಕ್ಕೆ ಕೊಡಲಾಗುತ್ತದೆ. ಪೋಷಕರಾದ ನಾವು ಅದನ್ನು ಪ್ರಶ್ನಿಸುವುದಿಲ್ಲ, ಬದಲಿಗೆ ಸಂತೋಷಪಡುತ್ತೇವೆ. ದೈಹಿಕ ಶಿಕ್ಷಕರೆಂದರೆ ಸ್ವಾತಂತ್ರ್ಯ ದಿನಾಚರಣೆಯ ಕವಾಯತಿಗೂ ಮೆರವಣಿಗೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದಕ್ಕೂ ಇರುವವರೆಂಬ ಭಾವನೆ ಬೇರೂರಿದೆ. ಭಾರತದ ಅತ್ಯಂತ ಶ್ರೇಷ್ಠ ಫುಟ್ಬಾಲ್ ಗುರುವು ಅಂಥದೇ ಒಬ್ಬ ಶಾಲಾ ಉಪಾಧ್ಯಾಯರಾಗಿದ್ದರು ಎಂಬುದನ್ನು ಒಮ್ಮೆ ನೆನೆಯೋಣ.

ಮಗು ಆಟದಲ್ಲಿ ಕಲಿಯುವುದು ಗೋಲು ಹೊಡೆಯುವುದನ್ನಷ್ಟೇ ಅಲ್ಲ. ತನ್ನ ದುರ್ಬಲ ಕಾಲನ್ನು ಬಲಪಡಿಸಿಕೊಳ್ಳುವುದು, ಚೆಂಡನ್ನು ಇನ್ನೊಬ್ಬನಿಗೆ ಬಿಟ್ಟುಕೊಡುವುದು, ಮೊದಲ ಪಂದ್ಯದಲ್ಲಿ ಸೋತರೂ ಕೊನೆಯ ಪಂದ್ಯದವರೆಗೆ ನಿಲ್ಲುವುದು, ಇವು ಬಾಳಿಗೆ ಬೇಕಾದ ಗುಣಗಳು. ಇವನ್ನು ಉಪದೇಶದಿಂದ ಕಲಿಸಲಾಗದು. ಬಯಲು ಬೇಕು, ಸಮಯ ಬೇಕು, ಜೊತೆಗೆ ನಿಲ್ಲುವ ಒಬ್ಬ ಹಿರಿಯ ಬೇಕು. ಈ ಮೂರನ್ನು ಒದಗಿಸಲು ನಮಗೆ ಪರದೇಶದ ಗುರುವಿನ ಅಗತ್ಯವಿಲ್ಲ.

ಮುಂದೆಯೂ ರಾಷ್ಟ್ರೀಯ ತಂಡಕ್ಕೆ ಗುರುಗಳು ಬರುವರು, ಹೋಗುವರು. ಕೆಲವರು ಹೆಚ್ಚು ಬೆಳಗುವರು, ಕೆಲವರು ಕಡಿಮೆ. ಅವರನ್ನು ತೂಗಿ ನೋಡುವ ಹಕ್ಕು ನಮಗಿದೆ. ಆದರೆ ತೂಗುವ ಮುನ್ನ, ನಮ್ಮ ಊರಿನ ಶಾಲೆಯ ಬಯಲು ಹೋದ ವರ್ಷದಷ್ಟೇ ಅಗಲವಾಗಿ ಉಳಿದಿದೆಯೇ ಎಂದು ನೋಡಿಕೊಂಡು ಬರೋಣ.